ಮೊದಲ ಸೈನಿಕ ಗೊಂಬೆಗೆ ಬಣ್ಣ ಹಚ್ಚುವ ಮುನ್ನ ಚರಿತ್ರೆ ಹುಡುಕುವುದು ಹೇಗೆ?

ಪೆಟ್ಟಿಗೆ ಬಿಚ್ಚಿದ ಕೂಡಲೇ ಬ್ರಷ್ ಹಿಡಿಯಬೇಕು ಅನ್ನಿಸುವುದು ಸಹಜ. ಆದರೆ ಸೈನಿಕ ಮಿನಿಯೇಚರ್ ವಿಷಯದಲ್ಲಿ ಅರ್ಧ ಕೆಲಸ ಬಣ್ಣದ ಬಾಟಲಿ ತೆರೆಯುವ ಮೊದಲೇ ಮುಗಿದಿರಬೇಕು. ಅಂಥ ಕೋಟು ತೊಟ್ಟು, ಅಂಥ ಬಂದೂಕು ಹೊತ್ತು ನಿಜವಾದ ಮನುಷ್ಯರು ನಡೆದಿದ್ದಾರೆ. ಅವರ ಬಟ್ಟೆ ಹೇಗಿತ್ತೋ ಹಾಗೇ ತೋರಿಸುವುದು ಅವರಿಗೆ ಕೊಡುವ ಮರ್ಯಾದೆ. ಹುಡುಕುವ ಕೆಲಸ ಕಷ್ಟವೇನಲ್ಲ. ಬಣ್ಣದಿಂದ ಶುರು ಮಾಡದೆ ತಾರೀಖಿನಿಂದ ಶುರು ಮಾಡಬೇಕು, ಅಷ್ಟೇ.

ಯಾರು, ಎಲ್ಲಿ, ಯಾವಾಗ

‘ನೆಪೋಲಿಯನ್ ಕಾಲದ ಫ್ರೆಂಚ್ ಸೈನಿಕ’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. 1805ರಲ್ಲಿ ಅವನ ನೀಲಿ ಕೋಟಿಗೆ ಹಿಂದೆ ಉದ್ದ ಬಾಲವಿತ್ತು. ಮುಂದಿನ ಅಂಚು ಓರೆಯಾಗಿ ಕತ್ತರಿಸಿದ್ದರಿಂದ ಒಳಗಿನ ಬಿಳಿ ವೇಸ್ಟ್‌ಕೋಟ್ ಕಾಣುತ್ತಿತ್ತು. 1812ರ ಹೊಸ ನಿಯಮದಲ್ಲಿ ಕೋಟು ಸೊಂಟದವರೆಗೆ ಪೂರ್ತಿ ಮುಚ್ಚಿತು, ಬಾಲ ಗಿಡ್ಡವಾಯಿತು. ಈ ಎರಡರ ನಡುವೆ, 1806ರಲ್ಲಿ, ಕೆಲವು ರೆಜಿಮೆಂಟುಗಳಿಗೆ ಬಿಳಿ ಕೋಟು ಕೊಟ್ಟಿದ್ದರು. ಬ್ರಿಟನ್ ಜೊತೆಗಿನ ಯುದ್ಧದಿಂದಾಗಿ ನೀಲಿ ಬಣ್ಣ ಕಟ್ಟಲು ಬೇಕಾದ ಇಂಡಿಗೊ ಸಮುದ್ರ ದಾಟಿ ಬರುವುದೇ ಕಷ್ಟವಾಗಿತ್ತು. ಮರುವರ್ಷವೇ ಆ ಪ್ರಯೋಗ ಕೈಬಿಟ್ಟರು. ಹತ್ತು ವರ್ಷ ತುಂಬುವುದರೊಳಗೆ ಒಂದೇ ಸೈನ್ಯಕ್ಕೆ ಮೂರು ರೂಪ!

ಮೊದಲ ಮಹಾಯುದ್ಧದ ಕತೆಯೂ ಹೀಗೇ. 1914ರ ಆಗಸ್ಟ್‌ನಲ್ಲಿ ಫ್ರೆಂಚ್ ಕಾಲಾಳು ಕೆಂಪು ಪ್ಯಾಂಟು ಹಾಕಿ, ತಲೆಗೆ ಬಟ್ಟೆಯ ಕೆಪಿ ಟೋಪಿ ಇಟ್ಟು ಹೊರಟಿದ್ದ. ಮಸುಕು ನೀಲಿ ಸಮವಸ್ತ್ರವೂ ಏಡ್ರಿಯನ್ ಉಕ್ಕಿನ ಹೆಲ್ಮೆಟ್ಟೂ ಬಂದದ್ದು 1915ರಲ್ಲಿ. 1914ರ ಮಾರ್ನ್ ಕದನದ ಗೊಂಬೆಗೆ ಉಕ್ಕಿನ ಹೆಲ್ಮೆಟ್ ಇದ್ದರೆ ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದರೂ ಪ್ರಯೋಜನವಿಲ್ಲ.

ಹಾಗಾಗಿ ಒಂದು ಸಾಲು ಬರೆದುಕೊಳ್ಳಿ: ‘1815 ಜೂನ್ 18, ವಾಟರ್ಲೂ, ಬ್ರಿಟಿಷ್ 30ನೇ ಕಾಲ್ದಳ ರೆಜಿಮೆಂಟ್, ಸೆಂಟರ್ ಕಂಪನಿಯ ಸಿಪಾಯಿ.’ ಸೆಂಟರ್ ಕಂಪನಿ ಅಂದರೆ ದಳದ ಸಾಲಿನ ನಡುವೆ ನಿಲ್ಲುವ ಸಾಮಾನ್ಯ ತುಕಡಿ. ಮುಂದಿನ ಹುಡುಕಾಟವೆಲ್ಲ ನೀವು ಬರೆದುಕೊಂಡ ಈ ಸಾಲಿನ ಸುತ್ತಲೇ ನಡೆಯುತ್ತದೆ.

ಮೊದಲ ಗೊಂಬೆಗೆ ಅಧಿಕಾರಿ ಬೇಡ, ಸಾಮಾನ್ಯ ಸಿಪಾಯಿಯೇ ಇರಲಿ. ಆ ಕಾಲದ ಬ್ರಿಟಿಷ್ ಅಧಿಕಾರಿಗಳು ತಮ್ಮ ಉಡುಪನ್ನು ಸ್ವಂತ ದುಡ್ಡಿನಲ್ಲಿ ದರ್ಜಿಗಳ ಹತ್ತಿರ ಹೊಲಿಸಿಕೊಳ್ಳುತ್ತಿದ್ದರು. ಒಬ್ಬರ ಹಾಗೆ ಇನ್ನೊಬ್ಬರದು ಇರುತ್ತಿರಲಿಲ್ಲ. ಸಿಪಾಯಿಗೆ ರೆಜಿಮೆಂಟೇ ಬಟ್ಟೆ ಕೊಡುತ್ತಿತ್ತು, ಹೀಗಾಗಿ ಅವನದು ಹೇಗಿತ್ತು ಅಂತ ಹೇಳುವುದು ಸುಲಭ.

ಗೊಂಬೆಯನ್ನು ಓದಿ

ಈಗ ಗೊಂಬೆಯನ್ನು ಬೆಳಕಿಗೆ ಹಿಡಿದು ನೋಡಿ. ಅದು ನಿಮ್ಮ ಸಾಲಿಗೆ ಹೊಂದುತ್ತದಾ? ಬ್ರಿಟಿಷರ ಹಳೆಯ ಶಾಕೋ ಟೋಪಿ ಕೊಳವೆಯ ಹಾಗೆ ನೇರ, ಗರಿ ಮುಂದೆ. 1812ರ ಮಾದರಿಯಲ್ಲಿ ಮುಂಭಾಗ ನೆತ್ತಿಗಿಂತ ಎತ್ತರ, ಗರಿ ಎಡಗಡೆ. ಭುಜ ನೋಡಿ. ರೆಕ್ಕೆಯಂಥ ಪಟ್ಟಿ ಇದ್ದರೆ ಅವನು ಗ್ರೆನೇಡಿಯರ್ ಅಥವಾ ಲೈಟ್ ಕಂಪನಿಯವನು, ಅಂದರೆ ಸಾಲಿನ ಎರಡು ತುದಿಗಳಲ್ಲಿ ನಿಲ್ಲುವ ವಿಶೇಷ ತುಕಡಿಗಳವನು. ತುದಿಯಲ್ಲಿ ಚಿಕ್ಕ ಕುಚ್ಚಿರುವ ಸಾದಾ ಪಟ್ಟಿ ಇದ್ದರೆ ಸೆಂಟರ್ ಕಂಪನಿಯವನು. ಗರಿಯ ಬಣ್ಣವೂ ಇದರ ಮೇಲೇ ನಿಂತಿದೆ: ಗ್ರೆನೇಡಿಯರಿಗೆ ಬಿಳಿ, ಲೈಟ್ ಕಂಪನಿಗೆ ಹಸಿರು, ಉಳಿದವರಿಗೆ ಮೇಲೆ ಬಿಳಿ ಕೆಳಗೆ ಕೆಂಪು.

ಬಂದೂಕನ್ನು ತುಂಬಾ ಜನ ಮರೆಯುತ್ತಾರೆ. ಫ್ರೆಂಚ್ ಬಂದೂಕಿನ ನಳಿಗೆಯನ್ನು ಮರಕ್ಕೆ ಲೋಹದ ಪಟ್ಟಿಗಳಿಂದ ಬಿಗಿದಿರುತ್ತಾರೆ. ಬ್ರಿಟಿಷರದರಲ್ಲಿ ಪಟ್ಟಿ ಇಲ್ಲ, ಒಳಗೆ ಪಿನ್ನು. ಹೊರಗಿನ ಬಿಡಿಭಾಗಗಳು ಹಿತ್ತಾಳೆ.

ಯಾವ ಸಾಕ್ಷಿಯನ್ನು ಎಷ್ಟು ನಂಬಬೇಕು

ಆ ದಿನಕ್ಕೆ ಎಷ್ಟು ಹತ್ತಿರವೋ ಅಷ್ಟು ಜಾಸ್ತಿ ನಂಬಿಕೆ. ಉಳಿದು ಬಂದಿರುವ ಬಟ್ಟೆಗೆ ಮೊದಲ ಸ್ಥಾನ. ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ, ಪ್ಯಾರಿಸ್ಸಿನ ಸೇನಾ ಮ್ಯೂಸಿಯಂಗಳ ಸಂಗ್ರಹದ ಫೋಟೊಗಳು ಮನೆಯಲ್ಲೇ ಕೂತು ನೋಡಲು ಸಿಗುತ್ತವೆ. ಆಮೇಲೆ, ಜಾಗದಲ್ಲೇ ಇದ್ದು ಬರೆದ ಚಿತ್ರಗಳು. ಜರ್ಮನ್ ರಾಜ್ಯ ವುರ್ಟೆಂಬರ್ಗಿನ ಫಿರಂಗಿ ದಳದ ಅಧಿಕಾರಿ ಫಾಬರ್ ಡು ಫೋರ್ ನೆಪೋಲಿಯನ್ನನ 1812ರ ರಷ್ಯಾ ದಂಡಯಾತ್ರೆಯಲ್ಲಿ ತಾನು ಕಂಡದ್ದನ್ನು ಚಿತ್ರಿಸಿದ. ಅಂಥ ಚಿತ್ರಗಳಲ್ಲಿ ಪರೇಡಿನ ಥಳಕು ಕಡಿಮೆ. ಓವರ್‌ಕೋಟು, ಟೋಪಿಗೆ ಹೊದಿಸಿದ ಗವುಸು, ಸುಸ್ತಾದ ಮುಖಗಳೇ ಕಾಣುತ್ತವೆ.

ಮೂರನೆಯದು ಸರ್ಕಾರಿ ನಿಯಮ. ಏನು ತೊಡಬೇಕಿತ್ತು ಅಂತ ಅದು ಹೇಳುತ್ತದೆ, ಏನು ತೊಟ್ಟಿದ್ದರು ಅಂತ ಅಲ್ಲ. ಆದೇಶ ಹೊರಟ ದಿನವೇ ಹೊಸ ಬಟ್ಟೆ ಸಿಪಾಯಿಯ ಮೈಮೇಲೆ ಬರುತ್ತಿರಲಿಲ್ಲ. ಹಳೆಯದು ಹರಿಯುವವರೆಗೂ ನಡೆಯುತ್ತಿತ್ತು.

ಆಮೇಲಿನ ಕಲಾವಿದರ ಭವ್ಯ ಚಿತ್ರಗಳನ್ನು ಹುರುಪಿಗೆ ನೋಡಿ, ಪುರಾವೆಗೆ ಬೇಡ. ವಾಟರ್ಲೂ ಕುದುರೆ ದಾಳಿಯ ಅತಿ ಪ್ರಸಿದ್ಧ ಚಿತ್ರ ಲೇಡಿ ಬಟ್ಲರ್ 1881ರಲ್ಲಿ ಬರೆದದ್ದು. ಅವರು ಹುಟ್ಟಿದ್ದೇ ಯುದ್ಧವಾಗಿ 31 ವರ್ಷದ ಮೇಲೆ. ಪೆಟ್ಟಿಗೆಯ ಮೇಲಿನ ಚಿತ್ರ ಕೊನೆಯ ಸಾಲಿನಲ್ಲಿರಲಿ. ಅದು ಇನ್ನೊಬ್ಬರು ಹಚ್ಚಿದ ಬಣ್ಣ, ಅಷ್ಟೇ.

ಹಳೆಯ ಮುದ್ರಿತ ಚಿತ್ರಗಳಿಗೆ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ವಿಂಕೈಝೆನ್ ಸಂಗ್ರಹ ದೊಡ್ಡ ಖಜಾನೆ. ಹಲವು ದೇಶಗಳ ಸಮವಸ್ತ್ರದ ಸಾವಿರಾರು ಚಿತ್ರಗಳು ಅಲ್ಲಿವೆ. ಪ್ರತಿ ಚಿತ್ರ ಯಾವಾಗ ಬರೆದದ್ದು ಅಂತ ಮಾತ್ರ ನೋಡಿಕೊಳ್ಳಿ.

ಯಾವ ಕೆಂಪು?

ಬ್ರಿಟಿಷ್ ಕೋಟು ಕೆಂಪು ಅಂತ ಎಲ್ಲರಿಗೂ ಗೊತ್ತು. ಆದರೆ ಸಿಪಾಯಿಯ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದದ್ದು ಮ್ಯಾಡರ್ ಗಿಡದ ಬೇರಿನಿಂದ. ಅದು ಇಟ್ಟಿಗೆಯ ಕಡೆಗೆ ವಾಲುವ ಮಂಕು ಕೆಂಪು. ಅಧಿಕಾರಿಯ ಬಟ್ಟೆಗೆ ಕೊಚಿನೀಲ್ ಹುಳುವಿನ ಬಣ್ಣ. ಅದು ಉಜ್ವಲ ಕೆಂಪು. ಎರಡು ಗೊಂಬೆ ಪಕ್ಕಪಕ್ಕ ನಿಲ್ಲಿಸಿದರೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯಬೇಕು. ನಮ್ಮ ಸಿಪಾಯಿಗೆ ಕೆಂಪಿನ ಜೊತೆ ಸ್ವಲ್ಪ ಕಂದು ಬೆರೆಸಿ. ಕಾಲರ್, ತೋಳಿನ ಕಫ್, ಭುಜದ ಪಟ್ಟಿ ರೆಜಿಮೆಂಟಿನ ಗುರುತು. 30ನೆಯದಕ್ಕೆ ಅದು ತಿಳಿ ಹಳದಿ. ಅದೇ ಬ್ರಿಗೇಡಿನಲ್ಲಿದ್ದ 33ನೆಯದಕ್ಕೆ ಕೆಂಪು. ಬಾಟಲಿಯ ಮೇಲೆ ಬರೆದಿರುವ ಹೆಸರು ನೋಡಿ ಬಣ್ಣ ಆರಿಸಬೇಡಿ, ಮೂಲಕ್ಕೆ ಹೋಲಿಸಿ ಆರಿಸಿ.

ಮ್ಯೂಸಿಯಂ ಬಟ್ಟೆಯೂ ಇನ್ನೂರು ವರ್ಷದಲ್ಲಿ ಮಾಸಿರುತ್ತದೆ. ಕಾಲರಿನ ಅಡಿ, ಹೊಲಿಗೆಯ ಮಡಿಕೆ ಕಾಣುವ ಫೋಟೊ ಸಿಕ್ಕರೆ ಬಿಡಬೇಡಿ. ಬೆಳಕು ಬೀಳದ ಕಡೆ ಹಳೆಯ ಬಣ್ಣ ಉಳಿದಿರುತ್ತದೆ. ಈಗಿನವರು ಆ ಕಾಲದ ಉಡುಪು ಹಾಕಿಕೊಂಡು ತೆಗೆಸಿದ ಫೋಟೊಗಳು ಬಟ್ಟೆ ಹೇಗೆ ಸುಕ್ಕಾಗುತ್ತದೆ, ಬೆಲ್ಟು ಎಲ್ಲಿ ಹಾದುಹೋಗುತ್ತದೆ ಅಂತ ತಿಳಿಯಲು ತುಂಬಾ ಉಪಯುಕ್ತ. ಬಣ್ಣಕ್ಕೆ ಅವುಗಳನ್ನು ನೆಚ್ಚಬೇಡಿ. ರಾಸಾಯನಿಕ ಬಣ್ಣಗಳು ಶುರುವಾದದ್ದೇ 1856ರ ನಂತರ.

ಕಪ್ಪು-ಬಿಳುಪು ಫೋಟೊ ಇರುವ ಕಾಲದ ಗೊಂಬೆಯಾದರೆ ಇನ್ನೊಂದು ಎಚ್ಚರಿಕೆ ಬೇಕು. ಆಗಿನ ಬಹುತೇಕ ಪ್ಲೇಟುಗಳು ಕೆಂಪನ್ನು ಹಿಡಿಯುತ್ತಲೇ ಇರಲಿಲ್ಲ, ನೀಲಿಯನ್ನು ಅತಿಯಾಗಿ ಹಿಡಿಯುತ್ತಿದ್ದವು. ಹೀಗಾಗಿ ಕೆಂಪು ಪ್ಯಾಂಟು ಕಪ್ಪಾಗಿ, ನೀಲಿ ಬಟ್ಟೆ ಬೆಳ್ಳಗೆ ಕಾಣುತ್ತದೆ. ಫೋಟೊದಿಂದ ಆಕಾರ, ಗುಂಡಿ, ಪಟ್ಟಿ ತಗೊಳ್ಳಿ. ಬಣ್ಣ ಬೇರೆ ಕಡೆಯಿಂದ ತಗೊಳ್ಳಿ. ಮೊದಲ ಮಹಾಯುದ್ಧದ್ದಾದರೆ ಆಟೋಕ್ರೋಮ್ ಎಂಬ ಬಣ್ಣದ ಫೋಟೊಗಳೂ ಉಳಿದಿವೆ.

ಒಂದು ಹಾಳೆ, ಆಮೇಲೆ ಪ್ರೈಮರ್ (ಬಣ್ಣಕ್ಕೂ ಮೊದಲು ಬಳಿಯುವ ಅಡಿ ಲೇಪ)

ಸಿಕ್ಕಿದ್ದನ್ನೆಲ್ಲ ಒಂದೇ ಹಾಳೆಗೆ ಇಳಿಸಿ. ಟೋಪಿಯಿಂದ ಬೂಟಿನವರೆಗೆ ಒಂದೊಂದು ಭಾಗಕ್ಕೂ ಒಂದು ಸಾಲು: ಬಣ್ಣ ಏನು, ಎಲ್ಲಿ ನೋಡಿದ್ದು, ಎಷ್ಟು ಖಾತ್ರಿ. ಎರಡು ಮೂಲ ಜಗಳವಾಡಿದರೆ ಆ ದಿನಕ್ಕೆ ಹತ್ತಿರವಿರುವುದನ್ನು ಆರಿಸಿ, ಯಾಕೆ ಆರಿಸಿದಿರಿ ಅಂತಲೂ ಬರೆಯಿರಿ. ಹಾಳೆಯ ಸಾಲುಗಳು ತುಂಬಿದ ಮೇಲೆ ಹುಡುಕಾಟ ನಿಲ್ಲಿಸಿ.

ಅಳತೆಯೂ ಲೆಕ್ಕಕ್ಕೆ ಬರಬೇಕು. 54 ಮಿ.ಮೀ. ಗೊಂಬೆ ಸುಮಾರು 1/32 ಪಾಲು. ಅದರ ಮೇಲೆ ಒಂದು ಮಿ.ಮೀ. ಗೆರೆ ಎಳೆದರೆ ನಿಜದಲ್ಲಿ ಮೂರು ಸೆಂ.ಮೀ.ಗೂ ಜಾಸ್ತಿ ಅಗಲವಾಯಿತು. ಕೋಟಿನ ಬಿಳಿ ಲೇಸಿನೊಳಗೆ ರೆಜಿಮೆಂಟಿಗೊಂದರಂತೆ ಇದ್ದ ಬಣ್ಣದ ಎಳೆ ಈ ಗಾತ್ರದಲ್ಲಿ ಕಂಡೂ ಕಾಣದಂತಿರಬೇಕು. ಚಿಕ್ಕ ಗೊಂಬೆಯ ಮೇಲೆ ಗಾಢ ಬಣ್ಣ ಇನ್ನೂ ಗಾಢವಾಗಿ ಕಾಣುತ್ತದೆ. ಅದಕ್ಕೇ ಕಪ್ಪಿನ ಬದಲು ಕಡು ಬೂದಿ, ನಿಜ ಬಣ್ಣಕ್ಕಿಂತ ಒಂದು ಹಂತ ತಿಳಿ.

ಹಾಳೆಯ ಕೊನೆಯಲ್ಲಿ ಹವಾಮಾನಕ್ಕೂ ಒಂದು ಸಾಲು ಇರಲಿ. ವಾಟರ್ಲೂ ಹಿಂದಿನ ರಾತ್ರಿ ಜೋರು ಮಳೆ ಬಿದ್ದಿತ್ತು, ಸಿಪಾಯಿಗಳು ಕೆಸರಿನಲ್ಲೇ ಮಲಗಿದ್ದರು. ಆದ್ದರಿಂದ ನಮ್ಮ 30ನೇ ರೆಜಿಮೆಂಟಿನವನ ಬೂದು ಪ್ಯಾಂಟಿಗೆ ಮೊಣಕಾಲಿನವರೆಗೆ ಮಣ್ಣಿನ ಬಣ್ಣ ಹಚ್ಚಿ, ಬಿಳಿ ಬೆಲ್ಟನ್ನೂ ಅಲ್ಲಲ್ಲಿ ಕೊಂಚ ಕೊಳೆ ಮಾಡಿ.