ಗಾಜಿಗೆ ನೀರು ಚಿಮ್ಮದ ವಾಷರ್: ನಾನು ಸರಿಪಡಿಸಿದ ಬಗೆ

ವೈಪರ್ ಲಿವರ್ ಎಳೆದಾಗ ಪಂಪಿನ ಮೋಟರ್ ಗುಂಯ್‌ಗುಡುವುದು ಕೇಳುತ್ತಿತ್ತು, ಟ್ಯಾಂಕಿನಲ್ಲಿ ನೀರೂ ತುಂಬಿತ್ತು. ಆದರೆ ಕಾರಿನ ಮುಂಗಾಜಿನ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸನ್ನು, ಅನಂತರ ಪಂಪಿನ ಕನೆಕ್ಟರಿಗೆ 12 ವೋಲ್ಟ್ ತಲುಪುತ್ತಿದೆಯೇ ಎಂಬುದನ್ನು ಪರೀಕ್ಷಿಸಬೇಕಾಗುತ್ತಿತ್ತು. ಸದ್ದು ಇದ್ದುದರಿಂದ ತೊಂದರೆ ಇರುವುದು ನೀರಿನ ದಾರಿಯಲ್ಲೇ ಎಂದು ನಿರ್ಧರಿಸಿದೆ.

ಬಾನೆಟ್ ಎತ್ತಿ, ನಾಜಲ್‌ಗೆ (ಗಾಜಿನತ್ತ ನೀರು ಚಿಮ್ಮಿಸುವ ಸಣ್ಣ ಮೂತಿಗೆ) ಸೇರುವ ರಬ್ಬರ್ ಪೈಪನ್ನು ಬಿಡಿಸಿ, ಒಳಗೆ ಕುಳಿತಿದ್ದ ತಮ್ಮನಿಗೆ ಲಿವರ್ ಎಳೆಯಲು ಹೇಳಿದಾಗ ಪೈಪಿನ ತುದಿಯಿಂದ ನೀರು ರಭಸವಾಗಿ ಹಾರಿತು. ಅಲ್ಲಿಗೆ ಪಂಪು, ಪೈಪು ಎರಡೂ ಸರಿಯಾಗಿವೆ ಎಂದಾಯಿತು. ನಾಜಲ್‌ಗಳನ್ನು ಬೆಳಕಿಗೆ ಹಿಡಿದು ನೋಡಿದರೆ ರಂಧ್ರದ ಬಾಯಲ್ಲಿ ಬಿಳಿಯ ಪದರ ಗಟ್ಟಿಯಾಗಿ ಕೂತಿತ್ತು. ಬೋರ್‌ವೆಲ್‌ನ ಗಡಸು ನೀರು ಬಾನೆಟ್ಟಿನ ಬಿಸಿಗೆ ಆರಿದಂತೆಲ್ಲ ಉಳಿಸಿಹೋಗುವ ಲವಣವದು. ನಮ್ಮ ಬಯಲುಸೀಮೆಯ ಮನೆಗಳ ಗೀಸರ್‌ಗಳಲ್ಲಿ ಕಟ್ಟುವುದೂ ಇದೇ.

ನಾಜಲ್‌ಗಳನ್ನು ಕಳಚಿ, ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸಿ, ಬೆಳಿಗ್ಗೆ ಸಣ್ಣ ಸೂಜಿಯನ್ನು ಮೆಲ್ಲನೆ ಆಡಿಸಿ ಶುದ್ಧ ನೀರಿನಲ್ಲಿ ತೊಳೆದೆ. ಇಲ್ಲಿ ಅವಸರ ಸಲ್ಲದು: ಸೂಜಿಯನ್ನು ಬಲವಂತವಾಗಿ ತುರುಕಿದರೆ ರಂಧ್ರ ಅಗಲವಾಗಿ ಧಾರೆಯ ದಿಕ್ಕೇ ತಪ್ಪುತ್ತದೆ. ಮರಳಿ ಜೋಡಿಸಿದ ಮೇಲೆ ಎರಡೂ ಧಾರೆಗಳು ಗಾಜಿನ ನಡುಭಾಗಕ್ಕೆ ಸರಿಯಾಗಿ ಬಿದ್ದವು.

ಗೆರೆ ಮೂಡಿಸುತ್ತಿದ್ದ ವೈಪರ್ ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಕಪ್ಪು ಮಸಿ ಬಂದಿತು. ಅಂಚು ಹರಿದಿರದ ಕಾರಣ ಬದಲಿಸಬೇಕಾಗಲಿಲ್ಲ. ಈಗ ಟ್ಯಾಂಕಿಗೆ ಆರ್‌ಒ ನೀರಿನಲ್ಲಿ ಬೆರೆಸಿದ ವಾಷರ್ ದ್ರವವನ್ನೇ ಹಾಕುತ್ತಿದ್ದೇನೆ. ಸೋಪಿನ ಪುಡಿ ಬೇಡವೇ ಬೇಡ. ಅದು ಕರಗದೆ ತಳದಲ್ಲಿ ಉಳಿದು ಪಂಪಿನ ಜಾಲರಿಯನ್ನು ಕಟ್ಟಿಬಿಡಬಹುದು. ಟ್ಯಾಂಕು ಬರಿದಾದಾಗ ಲಿವರನ್ನು ಎಳೆಯುತ್ತಲೇ ಇರುವುದೂ ಪಂಪಿಗೆ ಹಾನಿಕರ.