ಹಳೆ ಮಾರುತಿ 800: ಮೊದಲು ಹೀಟರ್, ಆಮೇಲೆ ಕಾರ್ಪೆಟ್

ಹಳೆ ಕಾರು ಕೊಂಡ ತಕ್ಷಣ ಎಲ್ಲರೂ ಬೆಂಗಳೂರಿನ ಜೆಸಿ ರಸ್ತೆಗೆ ಹೋಗಿ ಹೊಸ ಸೀಟ್ ಕವರ್, ಮ್ಯಾಟ್ ಹಾಕಿಸುತ್ತಾರೆ. ಸ್ವಲ್ಪ ತಡೆಯಿರಿ. ಮೊದಲು ಡ್ಯಾಶ್‌ಬೋರ್ಡ್ ಕೆಳಗಿನ ಕಾರ್ಪೆಟ್ ಎತ್ತಿ ಕೈಯಿಂದ ಒತ್ತಿ ನೋಡಿ. ಬರೀ ನೀರಾದರೆ ಗಾಜಿನ ರಬ್ಬರ್ ಅಥವಾ ಬಾಗಿಲ ಬೀಡಿಂಗ್ ಕಡೆಯಿಂದ ಮಳೆ ಇಳಿದಿದೆ. ಜಿಡ್ಡಾಗಿದ್ದು ಸಿಹಿ ವಾಸನೆ ಬಂದರೆ ಅದು ಎಂಜಿನ್ ತಣ್ಣಗಿಡುವ ದ್ರವ, ಕೂಲಂಟ್. ಅಂದರೆ ಹೀಟರ್ ಕೋರ್ (ಬಿಸಿ ಕೂಲಂಟ್ ಹರಿದು ಗಾಳಿ ಬಿಸಿ ಮಾಡುವ ಪುಟ್ಟ ರೇಡಿಯೇಟರ್) ಸೋರುತ್ತಿದೆ.

ಬೆಂಗಳೂರಲ್ಲಿ ಹೀಟರ್ ಯಾಕೆ ಅನ್ನುತ್ತಾರೆ. ಎಸಿ ಇಲ್ಲದ 800ರಲ್ಲಿ ಜುಲೈ ಜಡಿಮಳೆಗೆ ನಾಲ್ಕು ಜನ ಕೂತರೆ ಮುಂದಿನ ಗಾಜು ಮಂಜುಗಟ್ಟುತ್ತದೆ, ಅದನ್ನು ಬಿಡಿಸುವುದು ಬಿಸಿ ಗಾಳಿಯೇ. ಡಿಸೆಂಬರ್‌ನಲ್ಲಿ ಬೆಳಗಿನ ಜಾವ ನಂದಿಬೆಟ್ಟಕ್ಕೆ ಹೊರಟರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಹೀಟರ್ ಬಿಸಿಯಾಗುವುದು ಕರೆಂಟಿನಿಂದಲ್ಲ, ಎಂಜಿನ್‌ನ ಬಿಸಿ ಕೂಲಂಟ್‌ನಿಂದ. ನನ್ನ ಕಾರಿನಲ್ಲಿ ಹಿಂದೆ ಯಾರೋ ಎರಡು ಹೋಸ್ ಸೇರಿಸಿ ಕೋರ್ ಅನ್ನು ಬೈಪಾಸ್ ಮಾಡಿದ್ದರು, 'ನಮ್ಮೂರ ಬಿಸಿಲಿಗೆ ಬೇಡ' ಅಂತ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೂ ಕೂಲಂಟ್ ಅನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಕೂಡ ಕಿತ್ತಿದ್ದರು. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೀಟರ್ ಉಗುರುಬೆಚ್ಚಗೆ ಊದುತ್ತದೆ. ಹೊಸದು ಹಾಕಿಸಿ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೂಲಂಟ್ ಅನ್ನು ಬಕೆಟ್‌ಗೆ ಇಳಿಸಿ ಮುಚ್ಚಿಡಿ. ಸಿಹಿ ಅಂತ ಬೀದಿನಾಯಿಗಳು ನೆಕ್ಕುತ್ತವೆ, ಅದು ವಿಷ. ವೈರುಗಳ ಫೋಟೋ ತೆಗೆದುಕೊಂಡು ಡ್ಯಾಶ್‌ಬೋರ್ಡ್ ಬಿಚ್ಚಿ, ಕೋರ್ ಹೊರತೆಗೆದು ಉಲ್ಟಾ ದಿಕ್ಕಿನಲ್ಲಿ ಮೆಲ್ಲಗೆ ನೀರು ಬಿಡಿ. ಕಂದು ನೀರು ತಿಳಿಯಾಗುವವರೆಗೂ ಬಿಡಬೇಕು. ಆಮೇಲೆ ಒಂದು ಬಾಯಿ ಮುಚ್ಚಿ ನೀರಲ್ಲಿ ಮುಳುಗಿಸಿ, ಇನ್ನೊಂದರಿಂದ ಸೈಕಲ್ ಪಂಪ್‌ನಲ್ಲಿ ಸ್ವಲ್ಪ ಗಾಳಿ ಹಾಕಿ. ಗುಳ್ಳೆ ಬಂದರೆ ಕೋರ್ ಬದಲಿಸಿ, ಅಂಟು ಹಚ್ಚಿ ಕೂರಿಸಬೇಡಿ. ಹೋಸ್, ಕ್ಲಾಂಪ್ ಎಲ್ಲಾ ಹೊಸದೇ ಇರಲಿ. ಗಾಳಿ ಊದುವ ಬ್ಲೋವರ್ ಫುಲ್ ಸ್ಪೀಡಲ್ಲಿ ಮಾತ್ರ ತಿರುಗುತ್ತಿದ್ದರೆ ಸಾಮಾನ್ಯವಾಗಿ ಮೋಟಾರು ಕೆಟ್ಟಿರುವುದಿಲ್ಲ, ಸ್ಪೀಡ್ ಕಮ್ಮಿ ಮಾಡುವ ರೆಸಿಸ್ಟರ್ ಸುಟ್ಟಿರುತ್ತದೆ. ಒಳಗೆ ಗಾಳಿಯ ದಾರಿ ಬದಲಿಸುವ ಫ್ಲಾಪ್‌ಗಳ ಫೋಮ್ ಪುಡಿಯಾಗಿರುತ್ತದೆ, ಹೊಸದು ಅಂಟಿಸಿ.

ಕೂಲಂಟ್ ತುಂಬುವಾಗ ಹೀಟರ್ ನಾಬ್ ಪೂರ್ತಿ ಬಿಸಿ ಕಡೆಗಿರಲಿ, ಇಲ್ಲದಿದ್ದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ.

ಒಳಗಿನ ಕೆಲಸಕ್ಕೆ ಶಿವರಾತ್ರಿ ಕಳೆದ ಮೇಲಿನ ಬಿಸಿಲು ಒಳ್ಳೆಯದು. ಸೀಟು ಬಿಚ್ಚಿ ಒಣಗಿಸಿ. ಕಾರ್ಪೆಟ್ ಅಡಿಯ ಸೆಣಬಿನ ಪ್ಯಾಡ್ ಕೂಲಂಟ್ ಕುಡಿದಿದ್ದರೆ ಎಸೆದುಬಿಡಿ, ಎಷ್ಟು ತೊಳೆದರೂ ವಾಸನೆ ಹೋಗಲ್ಲ. ತುಕ್ಕನ್ನು ವೈರ್ ಬ್ರಷ್‌ನಲ್ಲಿ ಹೊಳೆಯುವ ತಗಡು ಕಾಣುವವರೆಗೂ ಉಜ್ಜಿ, ಪ್ರೈಮರ್, ಅದರ ಮೇಲೆ ಪೇಂಟ್ ಹಚ್ಚಿ. ಸ್ಕ್ರೂಡ್ರೈವರ್ ಒತ್ತಿದರೆ ತೂತಾಗುವ ಜಾಗಕ್ಕೆ ಪುಟ್ಟಿ ಸಾಲದು, ವೆಲ್ಡಿಂಗ್ ಬೇಕು.

ಕಾರ್ಪೆಟ್ ಈಗಲೇ ಹಾಸಬೇಡಿ. ಬರೀ ತಗಡಿನ ಮೇಲೆ ಹಳೆ ಪೇಪರ್ ಹಾಸಿ ಒಂದು ವಾರ ಓಡಿಸಿ. ದಿನಾ ಬೆಳಗ್ಗೆ ಪೇಪರ್ ಮುಟ್ಟಿ ನೋಡಿ. ಏಳನೇ ದಿನವೂ ಗರಿಗರಿಯಾಗಿದ್ದರೆ ಈಗ ಹೋಗಿ ಜೆಸಿ ರಸ್ತೆಗೆ.