ಗಂಗೊಳ್ಳಿಗೆ ಬಾಡಿಗೆ ಕಾರಿನಲ್ಲಿ ಹೋಗುವವರಿಗೆ

ರಜೆಯಲ್ಲಿ ಉಡುಪಿಯಿಂದ ಕಾರು ಮಾಡಿಕೊಂಡು ಗಂಗೊಳ್ಳಿ ಬಂದರಿಗೆ ಹೋಗಿದ್ದೆವು. ಕುಂದಾಪುರದಲ್ಲಿ ನಿಂತರೆ ಎದುರು ದಡದಲ್ಲೇ ಕಾಣುತ್ತದೆ, ಆದರೆ ನಡುವೆ ನದಿ. ಕಾರು ಹೆಮ್ಮಾಡಿ, ತ್ರಾಸಿ ಕಡೆಯಿಂದ ಸುತ್ತಬೇಕು. ಈ ಸುತ್ತನ್ನೂ ಸೇರಿಸಿಯೇ ಬಾಡಿಗೆ ಮಾತಾಡಿ. ನಾವು ಸುಮ್ನೆ ಹತ್ತಿ ಕೂತೆವು. ಕೊನೆಗೆ ನೋಡಿದರೆ ಕಿಲೋಮೀಟರ್ ಲೆಕ್ಕ ಡ್ರೈವರ್ ಮನೆಯಿಂದಲೇ ಶುರುವಾಗಿತ್ತು! ಹತ್ತುವಾಗಲೇ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಿ. ಡ್ರೈವರ್ ಬತ್ತಾ, ಅಂದರೆ ಬಾಡಿಗೆ ಬಿಟ್ಟು ಅವರ ದಿನದ ಖರ್ಚಿಗೆ ಕೊಡುವ ಹಣ, ಎಷ್ಟು ಅಂತಲೂ ಕೇಳಿಬಿಡಿ.

ಬೆಳಿಗ್ಗೆ ಬೇಗ ಹೋದರೆ ಚೆಂದ. ಬಂಗುಡೆ ಮೀನಿನ ಬುಟ್ಟಿ ಇಳಿಸುವಾಗ ಮಂಜುಗಡ್ಡೆ ನೀರು ಕಾಲಿಗೇ ಹರಿಯುತ್ತದೆ, ಶೂ ಬೇಡ. ಮೀನು ತರುವುದಾದರೆ ಥರ್ಮಾಕೋಲ್ ಡಬ್ಬ ಇರಲಿ. ಸೀಟಿಗೆ ವಾಸನೆ ಹತ್ತಿದರೆ ಡ್ರೈವರ್ ಮುಖ ನೋಡೋಕಾಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳೆಲ್ಲ ದಡದಲ್ಲೇ ಇರುತ್ತವೆ.